ಓದುಗರ ಪ್ರಶ್ನೆ – ಉತ್ತರ: ದ್ವೀಪಗಳ ಊಟದ ಮಾರುಕಟ್ಟೆ ಮತ್ತು ತುಂಗಭದ್ರೆಯ ಅಚ್ಚುಕಟ್ಟು

ಉಷ್ಣವಲಯದ ದ್ವೀಪ ದೇಶಗಳಲ್ಲಿ ಆಹಾರ ಮತ್ತು ಪಾನೀಯಗಳ ಮಾರುಕಟ್ಟೆ ಮುಂದಿನ ವರ್ಷಗಳಲ್ಲಿ ಹೇಗಿರಬಹುದು, ಅದರಿಂದ ನಮ್ಮ ಭಾಗದ ಬೆಳೆಗಾರರಿಗೆ ಮತ್ತು ವರ್ತಕರಿಗೆ ಏನಾದರೂ ಉಪಯೋಗವಿದೆಯೇ ಎಂದು ಕೊಪ್ಪಳ, ರಾಯಚೂರು ಮತ್ತು ಬಳ್ಳಾರಿ ಜಿಲ್ಲೆಗಳ ಓದುಗರು ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ಕಾರಟಗಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇದೆ. ಇಲ್ಲಿಯವರೆಗೆ ಬೆಂಗಳೂರು ಮತ್ತು ಮುಂಬೈ ವರ್ತಕರಿಗಷ್ಟೇ ಮಾಲು ಕೊಟ್ಟಿದ್ದೇವೆ. ಮಾಲ್ಡೀವ್ಸ್, ಮಾರಿಷಸ್ ಮುಂತಾದ ದ್ವೀಪಗಳು ಅಕ್ಕಿಯನ್ನು ಪೂರ್ತಿಯಾಗಿ ಹೊರಗಿನಿಂದಲೇ ತರಿಸಿಕೊಳ್ಳುತ್ತವೆ ಎಂದು ಕೇಳಿದ್ದೇವೆ. ನಮ್ಮ ಸೋನಾ ಮಸೂರಿಗೆ ಅಲ್ಲಿ ಬೇಡಿಕೆ ಬೆಳೆಯುವ ಸಾಧ್ಯತೆ ಇದೆಯೇ? – ಗಿರಣಿ ಮಾಲೀಕರು, ಕಾರಟಗಿ

ಉತ್ತರ: ಬೇಡಿಕೆ ಇದೆ, ಅದು ಕುಗ್ಗುವ ಲಕ್ಷಣವೂ ಇಲ್ಲ. ಆದರೆ ಆ ಬೇಡಿಕೆ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು. ದ್ವೀಪದ ಮಾರುಕಟ್ಟೆಯನ್ನು ಅಲ್ಲಿನ ಜನಸಂಖ್ಯೆಯಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಸರಕನ್ನು ಯಾರು ಕೊಳ್ಳುತ್ತಾರೆ, ಯಾವ ಹಡಗಿನಲ್ಲಿ ತರಿಸುತ್ತಾರೆ, ಅದಕ್ಕೆ ಬೇಕಾದ ಡಾಲರು ಅವರಿಗೆ ಎಲ್ಲಿಂದ ಬರುತ್ತದೆ ಎಂಬ ಮೂರು ಸಂಗತಿಗಳೇ ಅಲ್ಲಿನ ದರವನ್ನೂ ಪ್ರಮಾಣವನ್ನೂ ನಿರ್ಧರಿಸುತ್ತವೆ.

ಮಾಲ್ಡೀವ್ಸ್‌ನಲ್ಲಿ ಸುಮಾರು 5 ಲಕ್ಷ ಜನರಿದ್ದಾರೆ ಮತ್ತು ಅಲ್ಲಿ ಭತ್ತ ಬೆಳೆಯುವುದಿಲ್ಲ. 1981ರ ವ್ಯಾಪಾರ ಒಪ್ಪಂದದ ಅಡಿಯಲ್ಲಿ ಭಾರತವು ಪ್ರತಿ ವರ್ಷ ಆ ದೇಶಕ್ಕೆ ಅಗತ್ಯ ವಸ್ತುಗಳ ಪ್ರಮಾಣವನ್ನು ಮಂಜೂರು ಮಾಡುತ್ತದೆ. 2024–25ನೇ ಸಾಲಿಗೆ 1,24,218 ಟನ್ ಅಕ್ಕಿ, 1,09,162 ಟನ್ ಗೋಧಿ ಹಿಟ್ಟು, 64,494 ಟನ್ ಸಕ್ಕರೆ, 35,749 ಟನ್ ಈರುಳ್ಳಿ ಮತ್ತು 42.75 ಕೋಟಿ ಮೊಟ್ಟೆಗಳಿಗೆ ಅನುಮತಿ ದೊರೆತಿತ್ತು. ಇವು ಗರಿಷ್ಠ ಮಿತಿಗಳೇ ಹೊರತು ಅಷ್ಟೂ ಸರಕು ಖರೀದಿಯಾಗುತ್ತದೆ ಎಂಬ ಭರವಸೆಯಲ್ಲ. ಸಾಮಾನ್ಯ ಜನರು ತಿನ್ನುವ ಅಕ್ಕಿ, ಹಿಟ್ಟು ಮತ್ತು ಸಕ್ಕರೆಯನ್ನು ಬಹುಮಟ್ಟಿಗೆ ಅಲ್ಲಿನ ಸರ್ಕಾರದ ಸ್ವಾಮ್ಯದಲ್ಲಿರುವ ಸ್ಟೇಟ್ ಟ್ರೇಡಿಂಗ್ ಆರ್ಗನೈಸೇಷನ್ ಎಂಬ ಸಂಸ್ಥೆಯೇ ದೊಡ್ಡ ಪ್ರಮಾಣದಲ್ಲಿ ಖರೀದಿಸಿ, ಸಹಾಯಧನದ ದರದಲ್ಲಿ ವಿತರಿಸುತ್ತದೆ. ಮಾರಿಷಸ್‌ನಲ್ಲಿಯೂ ರೇಷನ್ ಅಕ್ಕಿ ಮತ್ತು ಹಿಟ್ಟಿನ ಆಮದನ್ನು ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ನೋಡಿಕೊಳ್ಳುತ್ತದೆ. ಇಂಥ ಖರೀದಿ ಟೆಂಡರಿನ ಮೂಲಕ ನಡೆಯುತ್ತದೆ, ಅತಿ ಕಡಿಮೆ ದರಕ್ಕೆ ಕೊಡುವವರಿಗೆ ಸಿಗುತ್ತದೆ. ಅಲ್ಲಿ ಬೇಕಾಗುವುದು ಸಾಧಾರಣ ಬಿಳಿ ಅಕ್ಕಿ. ಕಾರಟಗಿ, ಗಂಗಾವತಿ, ಸಿಂಧನೂರು ಭಾಗದ ಬಿಪಿಟಿ 5204 ಅಥವಾ ಆರ್‌ಎನ್‌ಆರ್ 15048 ಎಂಬ ಭತ್ತದ ತಳಿಗಳ ಸಣ್ಣ ಕಾಳಿನ ಅಕ್ಕಿ ಆ ದರಕ್ಕೆ ಇಳಿಯಲಾರದು, ಇಳಿಸಲೂಬಾರದು ಎಂಬುದು ನನ್ನ ಅಭಿಪ್ರಾಯ. ಮಡಗಾಸ್ಕರ್ ಮತ್ತು ಕೊಮೊರೊಸ್ ದ್ವೀಪಗಳ ಮಾತೂ ಇದೇ. ಅಲ್ಲಿನವರು ಹೊಟ್ಟೆ ತುಂಬ ಅನ್ನ ಉಣ್ಣುವ ಜನ, ಆದರೆ ಅವರ ಕೊಳ್ಳುವ ಶಕ್ತಿ ಸಣ್ಣದು, ಆದ್ದರಿಂದ ಅಗ್ಗದ ಅಕ್ಕಿಗೇ ಅಲ್ಲಿ ಹೆಚ್ಚು ಗಿರಾಕಿ.

ಹಾಗಾದರೆ ಸೋನಾ ಮಸೂರಿಗೆ ಜಾಗವೆಲ್ಲಿ? ದಕ್ಷಿಣ ಭಾರತದಿಂದ ಕೆಲಸಕ್ಕೆಂದು ಹೋದವರು ನೆಲೆಸಿರುವ ಕಡೆ, ಅವರು ಊಟ ಮಾಡುವ ಹೋಟೆಲುಗಳಲ್ಲಿ ಮತ್ತು ಅವರಿಗೆಂದು ನಡೆಯುವ ದಿನಸಿ ಅಂಗಡಿಗಳಲ್ಲಿ. ದ್ವೀಪಗಳ ಪೈಕಿ ಸಿಂಗಪುರ ಇದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ. ಆ ದೇಶ ತನ್ನ ಆಹಾರದಲ್ಲಿ ಶೇ 90ಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಅಕ್ಕಿ ಆಮದುದಾರರು ತಮ್ಮ ತಿಂಗಳ ಆಮದಿನ ಎರಡರಷ್ಟನ್ನು ಸದಾ ದಾಸ್ತಾನಿನಲ್ಲಿಡಬೇಕೆಂಬ ನಿಯಮವೂ ಅಲ್ಲಿದೆ, ಹೀಗಾಗಿ ಖರೀದಿ ವರ್ಷವಿಡೀ ಒಂದೇ ಸಮನೆ ಸಾಗುತ್ತದೆ. ಮಾಲ್ಡೀವ್ಸ್‌ನಲ್ಲಿಯೂ ಭಾರತದಿಂದ ಹೋದ ನೌಕರರಿಗೆ ಬೇಕಾಗುವ ಅಕ್ಕಿಯ ವ್ಯಾಪಾರ ಖಾಸಗಿಯವರ ಕೈಯಲ್ಲಿದೆ. ಇವು ಸಣ್ಣ ಮಾರುಕಟ್ಟೆಗಳು. 20 ಅಡಿಯ ಒಂದು ಕಂಟೇನರಿನಲ್ಲಿ ಸುಮಾರು 25 ಟನ್ ಅಕ್ಕಿ ಹಿಡಿಯುತ್ತದೆ. ದ್ವೀಪದ ಒಬ್ಬ ಮಧ್ಯಮ ವರ್ತಕನಿಗೆ ಅಷ್ಟು ಅಕ್ಕಿ ಮಾರಲು ಕೆಲವು ವಾರಗಳೇ ಬೇಕಾದೀತು. ನಿಮ್ಮಂಥ ಗಿರಣಿಗೆ ಇದು ದೊಡ್ಡ ವಹಿವಾಟಲ್ಲ, ಆದರೆ ಒಮ್ಮೆ ಹಿಡಿದ ಗಿರಾಕಿ ಸುಲಭವಾಗಿ ಬಿಟ್ಟುಹೋಗುವುದಿಲ್ಲ.

ಇಲ್ಲಿ ನಾನು ಒತ್ತಿ ಹೇಳಬೇಕಾದದ್ದು ನಂಬಿಕೆಯ ವಿಚಾರ. 2023ರ ಜುಲೈ 20ರಂದು ಭಾರತ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ದೇಶದೊಳಗಿನ ದರ ಹಿಡಿತದಲ್ಲಿರಲೆಂದು ಕೈಗೊಂಡ ಆ ಕ್ರಮ ಸಮುದ್ರದಾಚೆಯ ಸಣ್ಣ ದೇಶಗಳನ್ನು ದಿಗಿಲುಗೊಳಿಸಿತು. ಆಮೇಲೆ ಸರ್ಕಾರಗಳ ಕೋರಿಕೆಯಂತೆ ಮಾರಿಷಸ್‌ಗೆ 14,000 ಟನ್, ಸಿಂಗಪುರಕ್ಕೆ 50,000 ಟನ್, ಸೇಷೆಲ್ಸ್‌ಗೆ 800 ಟನ್ ಎಂಬಂತೆ ವಿಶೇಷ ಅನುಮತಿ ನೀಡಲಾಯಿತು. 800 ಟನ್ ಎಂದರೆ ಮೂವತ್ತು ಚಿಲ್ಲರೆ ಕಂಟೇನರು. ನಮ್ಮ ಭಾಗದ ಒಂದು ದೊಡ್ಡ ಗಿರಣಿಗೆ ಅದು ಭಾರಿ ಪ್ರಮಾಣವೇನಲ್ಲ, ಆದರೆ ಒಂದು ದೇಶ ಅಷ್ಟಕ್ಕಾಗಿ ರಾಜತಾಂತ್ರಿಕ ಪತ್ರ ಬರೆಯಬೇಕಾಯಿತು. 2024ರ ಸೆಪ್ಟೆಂಬರ್ 28ರಂದು ನಿಷೇಧ ತೆರವಾಯಿತು, ಟನ್ನಿಗೆ 490 ಡಾಲರಿನ ಕನಿಷ್ಠ ರಫ್ತು ದರದ ಷರತ್ತನ್ನೂ ಅಕ್ಟೋಬರಿನಲ್ಲಿ ಕೈಬಿಡಲಾಯಿತು. ಆದರೂ ಆ ಹದಿನಾಲ್ಕು ತಿಂಗಳಲ್ಲಿ ಅನೇಕ ದ್ವೀಪಗಳ ಖರೀದಿದಾರರು ಪಾಕಿಸ್ತಾನ, ಥಾಯ್ಲೆಂಡ್ ಮತ್ತು ವಿಯೆಟ್ನಾಮಿನತ್ತ ಮುಖ ಮಾಡಿದರು. ಅವರನ್ನು ಮರಳಿ ಕರೆತರಲು ದರ ಇಳಿಸಿದರೆ ಸಾಲದು, ಹೇಳಿದ ತಿಂಗಳಿಗೆ ಹೇಳಿದ ಅಕ್ಕಿ ತಲುಪುತ್ತದೆ ಎಂದು ವರ್ಷಗಟ್ಟಲೆ ತೋರಿಸಿಕೊಡಬೇಕು.

ನಮ್ಮ ಕಡೆಯ ಅಪಾಯವನ್ನೂ ಮರೆಯಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಪ್ರದೇಶ ಉಸಿರು ಬಿಗಿಹಿಡಿದು ಕಾದಿತ್ತು. ನಾಲೆಗೆ ನೀರು ಬರುವುದೋ ಇಲ್ಲವೋ ಎಂಬ ಅನುಮಾನವಿರುವ ವರ್ಷ ಹೊರದೇಶಕ್ಕೆ ಇಡೀ ವರ್ಷದ ಮಾತು ಕೊಡುವುದು ತರವಲ್ಲ. ಕೈಯಲ್ಲಿರುವ ಭತ್ತದಷ್ಟಕ್ಕೆ ಮಾತ್ರ ಒಪ್ಪಂದ ಮಾಡಿಕೊಳ್ಳಿ.

ದರದ ಬಗ್ಗೆ ಹೇಳುವುದಾದರೆ, 2023ರಲ್ಲಿ ಕಂಡ ಏರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೂಡಿಕೆ ಮಾಡಬೇಡಿ. ಭಾರತದ ಅಕ್ಕಿ ಮರಳಿ ಬಂದದ್ದರಿಂದ 2025ರಲ್ಲಿ ಜಾಗತಿಕ ದರ ಹಲವು ವರ್ಷಗಳ ಕನಿಷ್ಠ ಮಟ್ಟಕ್ಕೆ ಇಳಿಯಿತು. ದೊಡ್ಡ ದ್ವೀಪಸಮೂಹಗಳು ಕೂಡ ಇದ್ದಕ್ಕಿದ್ದಂತೆ ಬಾಗಿಲು ಮುಚ್ಚಬಲ್ಲವು. ಜಗತ್ತಿನ ಅತಿ ದೊಡ್ಡ ಅಕ್ಕಿ ಆಮದುದಾರನಾಗಿರುವ ಫಿಲಿಪೀನ್ಸ್ 2024ರ ಜುಲೈನಲ್ಲಿ ಆಮದು ಸುಂಕವನ್ನು ಶೇ 35ರಿಂದ ಶೇ 15ಕ್ಕೆ ಇಳಿಸಿತು, ಸ್ಥಳೀಯ ಭತ್ತದ ದರ ಕುಸಿದಾಗ 2025ರ ಸೆಪ್ಟೆಂಬರ್ 1ರಿಂದ ಆಮದನ್ನೇ ತಾತ್ಕಾಲಿಕವಾಗಿ ತಡೆಯಿತು. ಶ್ರೀಲಂಕಾ ಸಾಮಾನ್ಯ ವರ್ಷಗಳಲ್ಲಿ ತನಗೆ ಬೇಕಾದ ಅಕ್ಕಿಯನ್ನು ಬಹುತೇಕ ತಾನೇ ಬೆಳೆಯುತ್ತದೆ, ಕೊರತೆ ಬಿದ್ದಾಗ ಮಾತ್ರ ಕೆಲವು ವಾರಗಳ ಮಟ್ಟಿಗೆ ಆಮದಿಗೆ ಅವಕಾಶ ಕೊಡುತ್ತದೆ, 2024ರ ಡಿಸೆಂಬರಿನಲ್ಲಿ ಕೊಟ್ಟಂತೆ. ಅಂಥ ಅವಕಾಶವನ್ನು ನಂಬಿ ಗಿರಣಿಗೆ ಹೊಸ ಯಂತ್ರ ಕೂರಿಸಬಾರದು.

ಪ್ರಶ್ನೆ: ಬಿಸಿಲು, ಮಳೆ, ಸಮುದ್ರ ಎಲ್ಲವೂ ಇರುವ ದ್ವೀಪಗಳು ತಮ್ಮ ಊಟವನ್ನು ತಾವೇ ಏಕೆ ಬೆಳೆದುಕೊಳ್ಳುವುದಿಲ್ಲ? ಮುಂದೆ ಬೆಳೆದುಕೊಂಡರೆ ಆಮದಿನ ಮಾರುಕಟ್ಟೆಯೇ ಇಲ್ಲವಾಗುವುದಿಲ್ಲವೇ? – ಕೃಷಿ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಸಣ್ಣ ದ್ವೀಪ ರಾಷ್ಟ್ರಗಳಲ್ಲಿ ಅರ್ಧದಷ್ಟು ತಮ್ಮ ಆಹಾರದ ಶೇ 80ಕ್ಕಿಂತ ಹೆಚ್ಚು ಭಾಗವನ್ನು ಆಮದು ಮಾಡಿಕೊಳ್ಳುತ್ತವೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. ಇದಕ್ಕೆ ಕಾರಣ ಎಲ್ಲ ಕಡೆಯೂ ಒಂದೇ ಅಲ್ಲ, ಮಣ್ಣಿನಿಂದಲೇ ಅದು ಬೇರೆಬೇರೆಯಾಗುತ್ತದೆ. ಮಾಲ್ಡೀವ್ಸ್, ಕಿರಿಬಾಟಿ ಮುಂತಾದವು ಹವಳದ ದಿಬ್ಬಗಳು. ಅಲ್ಲಿನ ಮಣ್ಣು ಸುಣ್ಣದ ಮರಳು. ನೆಲದಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಪದರ ಮಾತ್ರ, ಹೆಚ್ಚು ಎತ್ತಿದರೆ ಉಪ್ಪು ಮೇಲೇರುತ್ತದೆ. ನಾಲೆಯ ಕೊನೆಯ ಭಾಗದಲ್ಲಿ ಸವಳು ಬಿದ್ದ ಹೊಲಗಳನ್ನು ಕಂಡಿರುವ ನಿಮಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಮಾರಿಷಸ್, ಫಿಜಿ, ಜಮೈಕಾ ಮತ್ತು ಬಾರ್ಬಡೋಸ್‌ಗಳ ಕಥೆ ಬೇರೆ. ಅಲ್ಲಿ ಭೂಮಿ ಇದೆ, ಮಳೆಯೂ ಇದೆ. ಆದರೆ ವಸಾಹತುಗಾರರು ಆ ಭೂಮಿಗೆ ಒಂದೇ ಕೆಲಸವನ್ನು ಗೊತ್ತುಮಾಡಿದರು. ಕಬ್ಬು ಬೆಳೆದು ಯೂರೋಪಿಗೆ ಸಕ್ಕರೆ ಕಳುಹಿಸುವುದು, ಊಟಕ್ಕೆ ಧಾನ್ಯವನ್ನು ಹಡಗಿನಲ್ಲಿ ತರಿಸುವುದು ಎಂಬ ವ್ಯವಸ್ಥೆ ಆಗಲೇ ಬೇರುಬಿಟ್ಟಿತು. ಗುಲಾಮಗಿರಿ ಕೊನೆಗೊಂಡ ಮೇಲೆ ಕಬ್ಬಿನ ಗದ್ದೆಗಳಲ್ಲಿ ದುಡಿಯಲು 1834ರಿಂದ ಮಾರಿಷಸ್‌ಗೆ, 1879ರಿಂದ ಫಿಜಿಗೆ ಭಾರತದಿಂದ ಕರಾರು ಕೂಲಿಗಳನ್ನು ಕರೆದೊಯ್ದರು. ಅವರೊಂದಿಗೆ ಅನ್ನ, ಬೇಳೆ, ರೊಟ್ಟಿ, ಮಸಾಲೆಯ ಅಭ್ಯಾಸವೂ ಹೋಯಿತು. ಇಂದಿಗೂ ಮಾರಿಷಸ್‌ನ ಬೀದಿಬದಿಯಲ್ಲಿ ಬೇಳೆ ತುಂಬಿದ ಧೋಲ್ ಪುರಿಯೇ ಜನಪ್ರಿಯ ತಿನಿಸು. ಅಕ್ಕಿ ಬೆಳೆಯದ ನೆಲದಲ್ಲಿ ಅಕ್ಕಿ ಉಣ್ಣುವ ಜನರು ನೆಲೆಯಾದದ್ದು ಹೀಗೆ. ಈ ಇತಿಹಾಸವನ್ನು ಬಿಟ್ಟು ಅಲ್ಲಿನ ಆಹಾರ ಮಾರುಕಟ್ಟೆಯನ್ನು ಕೇವಲ ಅಂಕಿಅಂಶಗಳಿಂದ ಓದುವುದು ನನಗೆ ಸರಿಯೆನಿಸುವುದಿಲ್ಲ.

ಯೂರೋಪು ಖಾತರಿ ದರ ನೀಡುತ್ತಿದ್ದ ಸಕ್ಕರೆ ಒಪ್ಪಂದ 2009ರಲ್ಲಿ ಮುಗಿಯಿತು. ಕಬ್ಬಿನ ಭೂಮಿ ಅಂದಿನಿಂದ ಕಡಿಮೆಯಾಗುತ್ತಿದೆ, ಆದರೆ ಬಿಟ್ಟ ಭೂಮಿ ಬಹಳ ಕಡೆ ವಸತಿ ಬಡಾವಣೆಗಳಿಗೆ ಮತ್ತು ಪ್ರವಾಸೋದ್ಯಮಕ್ಕೆ ಹೋಯಿತೇ ಹೊರತು ಧಾನ್ಯಕ್ಕೆ ಬರಲಿಲ್ಲ. ಸರ್ಕಾರಗಳು ಸುಮ್ಮನೆ ಕುಳಿತಿಲ್ಲ. ಕೆರಿಬಿಯನ್ ದೇಶಗಳ ಒಕ್ಕೂಟವಾದ ಕ್ಯಾರಿಕಾಮ್ 2025ರೊಳಗೆ ಆಹಾರ ಆಮದಿನ ವೆಚ್ಚವನ್ನು ಶೇ 25ರಷ್ಟು ತಗ್ಗಿಸುವ ಗುರಿ ಇಟ್ಟುಕೊಂಡಿತ್ತು, ನಂತರ ಅದರ ಗಡುವನ್ನು 2030ಕ್ಕೆ ವಿಸ್ತರಿಸಿತು. ಇದರ ನಡುವೆಯೇ 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಗ್ರೆನೆಡಾಕ್ಕೆ ಸೇರಿದ ಕ್ಯಾರಿಯಕು ದ್ವೀಪವನ್ನು ನೆಲಸಮ ಮಾಡಿತು. ವರ್ಷಗಳ ಕಾಲ ಬೆಳೆಸಿದ ಬಾಳೆ, ತೆಂಗು, ಜಾಯಿಕಾಯಿ ತೋಟಗಳು ಒಂದು ಮಧ್ಯಾಹ್ನದಲ್ಲಿ ಹೋದರೆ ಯೋಜನೆಯ ಲೆಕ್ಕವನ್ನು ಮತ್ತೆ ಮೊದಲಿನಿಂದ ಬರೆಯಬೇಕಾಗುತ್ತದೆ. ಹಣವೂ ತಂತ್ರಜ್ಞಾನವೂ ಇರುವ ಸಿಂಗಪುರವೇ 2030ರೊಳಗೆ ತನ್ನ ಪೌಷ್ಟಿಕಾಂಶದ ಅಗತ್ಯದ ಶೇ 30ರಷ್ಟನ್ನು ಒಳಗೇ ಉತ್ಪಾದಿಸುವ 2019ರ ಗುರಿಯನ್ನು 2025ರ ನವೆಂಬರಿನಲ್ಲಿ ಬದಿಗಿರಿಸಿ, 2035ಕ್ಕೆ ಬೇರೆ ಗುರಿಗಳನ್ನು ಹಾಕಿಕೊಂಡಿದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಮೊಟ್ಟೆ, ಕೋಳಿ, ಸೊಪ್ಪು, ಸೌತೆ, ಟೊಮೆಟೊಗಳಲ್ಲಿ ದ್ವೀಪಗಳು ಸ್ವಾವಲಂಬನೆಯತ್ತ ಸಾಗಬಲ್ಲವು. ಮಾರಿಷಸ್ ಮತ್ತು ಜಮೈಕಾ ಈಗಾಗಲೇ ತಮಗೆ ಬೇಕಾದ ಮೊಟ್ಟೆಯನ್ನು ತಾವೇ ಉತ್ಪಾದಿಸುತ್ತವೆ. ಆದರೆ ಆ ಕೋಳಿಗಳು ತಿನ್ನುವ ಮೆಕ್ಕೆಜೋಳ ಮತ್ತು ಸೋಯಾ ಹೊರಗಿನದು. ಅಕ್ಕಿ, ಗೋಧಿ, ಬೇಳೆ, ಅಡುಗೆ ಎಣ್ಣೆಗಳ ಆಮದು ಮುಂದುವರಿಯುತ್ತದೆ, ಸಂಸ್ಕರಿಸಿದ ಸಿದ್ಧ ಆಹಾರದ ಆಮದಿನ ಮೇಲೆ ಮಾತ್ರ ಕ್ರಮೇಣ ಬಿಗಿ ಹೆಚ್ಚುತ್ತದೆ ಎಂದು ನಾನು ಭಾವಿಸುತ್ತೇನೆ. ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಪೆಸಿಫಿಕ್ ದ್ವೀಪಗಳನ್ನು ಕಾಡುತ್ತಿರುವುದೇ ಇದಕ್ಕೆ ಕಾರಣ. ಸಮೋವಾ ದೇಶವು ಕೊಬ್ಬಿನಿಂದ ತುಂಬಿದ ಟರ್ಕಿ ಕೋಳಿಯ ಬಾಲದ ಮಾಂಸದ ಆಮದನ್ನು 2007ರಲ್ಲಿ ನಿಷೇಧಿಸಿತ್ತು; ವಿಶ್ವ ವಾಣಿಜ್ಯ ಸಂಸ್ಥೆಗೆ ಸೇರುವಾಗ ಆ ನಿಷೇಧವನ್ನು ಬಿಟ್ಟುಕೊಡಬೇಕಾಯಿತು. ತನ್ನ ಜನರ ಆರೋಗ್ಯಕ್ಕಾಗಿ ಒಂದು ಪುಟ್ಟ ದೇಶ ಕೈಗೊಂಡ ನಿರ್ಧಾರ ವ್ಯಾಪಾರದ ನಿಯಮದ ಮುಂದೆ ನಿಲ್ಲಲಿಲ್ಲ ಎಂಬುದು ನೋವಿನ ಸಂಗತಿ.

ಪ್ರಶ್ನೆ: ಸಿರುಗುಪ್ಪ ತಾಲ್ಲೂಕಿನಲ್ಲಿ ಬ್ಯಾಡಗಿ ತಳಿಯ ಮೆಣಸಿನಕಾಯಿ ಬೆಳೆಯುತ್ತೇವೆ. ಶ್ರೀಲಂಕಾಕ್ಕೆ ಭಾರತದಿಂದಲೇ ಒಣಮೆಣಸಿನಕಾಯಿ ಹೋಗುತ್ತದೆ ಎನ್ನುತ್ತಾರೆ. ನಮ್ಮದನ್ನು ಅಲ್ಲಿಗೆ ಕಳುಹಿಸಬಹುದೇ? – ರೈತರು, ಸಿರುಗುಪ್ಪ

ಉತ್ತರ: ಶ್ರೀಲಂಕಾ ತನಗೆ ಬೇಕಾದ ಒಣಮೆಣಸಿನಕಾಯಿಯ ಬಹುಪಾಲನ್ನು ಭಾರತದಿಂದ ತರಿಸಿಕೊಳ್ಳುವುದು ನಿಜ. ಆದರೆ ಅಲ್ಲಿನ ಅಡುಗೆಗೆ ಬೇಕಾದದ್ದು ಖಾರ. ಗುಂಟೂರು ಕಡೆಯ ತೇಜಾ, ಸನ್ನಂ ಮುಂತಾದ ಖಾರದ ತಳಿಗಳು ಅಲ್ಲಿಗೆ ಹೆಚ್ಚು ಹೊಂದುತ್ತವೆ. ಬ್ಯಾಡಗಿಯ ಹಿರಿಮೆ ಅದರ ಬಣ್ಣದಲ್ಲಿದೆ. ಬಣ್ಣ ಮತ್ತು ಸಾರ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳು ಹಾಗೂ ದೇಶದೊಳಗಿನ ಮಸಾಲೆ ಕಂಪನಿಗಳು ಅದರ ನಿಜವಾದ ಗಿರಾಕಿಗಳು. ಆದ್ದರಿಂದ ಶ್ರೀಲಂಕಾವನ್ನು ಗುರಿಯಾಗಿಟ್ಟುಕೊಂಡರೆ ಹೊಲದ ಒಂದು ಭಾಗದಲ್ಲಿ ಖಾರದ ತಳಿ ಹಾಕಬೇಕಾಗುತ್ತದೆ. ಅದನ್ನು ಬ್ಯಾಡಗಿಯೊಂದಿಗೆ ಎಂದೂ ಬೆರೆಸಬಾರದು, ಬೆರೆತರೆ ಎರಡಕ್ಕೂ ದರ ಸಿಗುವುದಿಲ್ಲ.

ಒಣಗಿಸುವ ವಿಧಾನ ತಳಿಗಿಂತಲೂ ಮುಖ್ಯ. ಹೊಲದಂಚಿನ ನೆಲದ ಮೇಲೆ ಹರವಿ, ರಾತ್ರಿ ಇಬ್ಬನಿಗೆ ಬಿಟ್ಟ ಕಾಯಿಯಲ್ಲಿ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳುತ್ತದೆ. ಕಣ್ಣಿಗೆ ಕೆಂಪಗೆ ಕಂಡರೂ ಬಂದರಿನ ಪ್ರಯೋಗಾಲಯದಲ್ಲಿ ಅದು ಸಿಕ್ಕಿಬೀಳುತ್ತದೆ, ಇಡೀ ಕಂಟೇನರು ತಿರಸ್ಕೃತವಾಗುತ್ತದೆ. ತಾಡಪಾಲಿನ ಮೇಲೆ ಒಣಗಿಸಿ, ತೇವಾಂಶ ಶೇ 10–11ರ ಆಸುಪಾಸಿಗೆ ಇಳಿದ ಮೇಲೆಯೇ ಚೀಲ ತುಂಬಿ. ಭಾರ ಹೆಚ್ಚಲೆಂದು ನೀರು ಚಿಮುಕಿಸುವ ರೂಢಿಯನ್ನು ರಫ್ತಿನ ಮಾಲಿನಲ್ಲಂತೂ ಪೂರ್ತಿ ಬಿಡಬೇಕು.

ಇನ್ನು ಮಾರುಕಟ್ಟೆಯ ಮುನ್ನೋಟ. 2022ರಲ್ಲಿ ಶ್ರೀಲಂಕಾದ ವಿದೇಶಿ ವಿನಿಮಯ ಬರಿದಾಯಿತು, ಏಪ್ರಿಲಿನಲ್ಲಿ ಅದು ಸಾಲ ಮರುಪಾವತಿಯನ್ನು ನಿಲ್ಲಿಸಿತು, ಆಹಾರ ಹಣದುಬ್ಬರ ಸೆಪ್ಟೆಂಬರಿನಲ್ಲಿ ಸುಮಾರು ಶೇ 95ಕ್ಕೆ ಏರಿತು. ಡಾಲರಿಲ್ಲದೆ ಆಹಾರದ ಕಂಟೇನರುಗಳು ಕೊಲಂಬೊ ಬಂದರಿನಲ್ಲೇ ನಿಂತವು. ಅದಕ್ಕೂ ಮುನ್ನ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿದ್ದರಿಂದ ಭತ್ತದ ಇಳುವರಿಗೆ ದೊಡ್ಡ ಪೆಟ್ಟು ಬಿದ್ದಿತ್ತು. ಆ ದೇಶ ಈಗ ಚೇತರಿಸಿಕೊಂಡಿದೆ, ಪ್ರವಾಸಿಗರು ಮರಳಿದ್ದಾರೆ. ಮೆಣಸಿನಕಾಯಿ ಇಲ್ಲದೆ ಅಲ್ಲಿನ ಅಡುಗೆ ಆಗದಿರುವುದರಿಂದ ಬೇಡಿಕೆ ಉಳಿದೇ ಇರುತ್ತದೆ. ಆಮದು ಸುಂಕ ಮಾತ್ರ ಆಗಾಗ ಬದಲಾಗುತ್ತದೆ, ಮಾಲು ಹಡಗೇರುವ ವಾರದ ದರವನ್ನು ಆಮದುದಾರರಿಂದಲೇ ಲಿಖಿತವಾಗಿ ತರಿಸಿಕೊಳ್ಳಿ. 2024ರ ಮಾರ್ಚಿನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದಾಗ ನಿಮ್ಮ ಭಾಗದ ರೈತರು ಅನುಭವಿಸಿದ ಸಂಕಟ ಎಲ್ಲರಿಗೂ ಗೊತ್ತಿದೆ. ಒಂದೇ ಮಾರುಕಟ್ಟೆಯನ್ನು ನೆಚ್ಚಿಕೊಂಡಿರುವ ಕಷ್ಟ ಅದು. ರೈತ ಉತ್ಪಾದಕರ ಕಂಪನಿಯ ಮೂಲಕ ಹತ್ತಾರು ಜನ ಸೇರಿ ಒಂದು ಕಂಟೇನರಿನಷ್ಟು ಒಂದೇ ಗುಣಮಟ್ಟದ ಮಾಲನ್ನು ಕೂಡಿಸುವುದು ಅದಕ್ಕೆ ಒಂದು ಪರಿಹಾರ.

ಪ್ರಶ್ನೆ: ನನ್ನ ಮಗ ಮಾಲ್ಡೀವ್ಸ್‌ನ ರಾಜಧಾನಿ ಮಾಲೆ ನಗರದಲ್ಲಿ ಹೋಟೆಲ್ ಕೆಲಸಕ್ಕಿದ್ದಾನೆ. ಅಲ್ಲಿ ಅಕ್ಕಿ, ಸಕ್ಕರೆ ಹೇಗೋ ಕೈಗೆಟುಕುತ್ತದೆ, ಟೊಮೆಟೊ, ಬದನೆಕಾಯಿ ಕೊಳ್ಳಲು ಹೋದರೆ ಮಾತ್ರ ಸಂಬಳ ಸಾಲದು ಎನ್ನುತ್ತಾನೆ. ಹೀಗೇಕೆ? – ಗೃಹಿಣಿ, ಸಿಂಧನೂರು

ಉತ್ತರ: ತಾಯಿಯವರೇ, ತಮ್ಮ ಮಗ ಹೇಳುವುದು ಸರಿಯಾಗಿದೆ. ಅಕ್ಕಿ, ಹಿಟ್ಟು ಮತ್ತು ಸಕ್ಕರೆಯ ದರವನ್ನು ಅಲ್ಲಿನ ಸರ್ಕಾರ ತನ್ನ ಖರ್ಚಿನಲ್ಲಿ ಹಿಡಿದಿಟ್ಟಿದೆ. ತರಕಾರಿ ಖಾಸಗಿ ವರ್ತಕರದು. ಅದು ತೂತ್ತುಕ್ಕುಡಿಯಿಂದ ದೋಣಿ ಹಡಗುಗಳಲ್ಲೋ, ಬೆಂಗಳೂರು, ಕೊಚ್ಚಿ, ತಿರುವನಂತಪುರಗಳಿಂದ ವಿಮಾನದಲ್ಲೋ ಬರಬೇಕು. ದಾರಿಯಲ್ಲಿ ಕೊಳೆತದ್ದರ ನಷ್ಟವೂ ಉಳಿದದ್ದರ ದರಕ್ಕೇ ಸೇರುತ್ತದೆ.

ಎರಡನೆಯ ಕಾರಣ ಪ್ರವಾಸಿಗರು. 2024ರಲ್ಲಿ ಮಾಲ್ಡೀವ್ಸ್‌ಗೆ 20 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು, ಅಂದರೆ ಊರಿನ ಜನರ ಸುಮಾರು ನಾಲ್ಕರಷ್ಟು. ರೆಸಾರ್ಟುಗಳು ಡಾಲರಿನಲ್ಲಿ ಗಳಿಸಿ ಡಾಲರಿನಲ್ಲೇ ಕೊಳ್ಳುತ್ತವೆ, ಒಳ್ಳೆಯ ಮಾಲು ಮೊದಲು ಅವುಗಳ ಪಾಲಾಗುತ್ತದೆ. ಅಲ್ಲಿನ ನಾಣ್ಯವಾದ ರುಫಿಯಾದಲ್ಲಿ ಸಂಬಳ ಪಡೆಯುವವರು ಉಳಿದದ್ದನ್ನು ಕೊಳ್ಳಬೇಕು. ಡಾಲರಿನ ಅಧಿಕೃತ ದರ 15.42 ರುಫಿಯಾ ಎಂದಿದ್ದರೂ ವರ್ತಕರಿಗೆ ಆ ದರದಲ್ಲಿ ಬೇಕಾದಷ್ಟು ಡಾಲರು ಸಿಗುವುದಿಲ್ಲ, ಹೊರಗೆ ಹೆಚ್ಚು ಕೊಟ್ಟು ತಂದು ಅದನ್ನೂ ತರಕಾರಿಯ ಮೇಲೆ ಹೇರುತ್ತಾರೆ. ಈ ಬಿಕ್ಕಟ್ಟಿನ ಸಮಯದಲ್ಲಿ, 2024ರ ಅಕ್ಟೋಬರಿನಲ್ಲಿ, ಭಾರತವು 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಗಳ ವಿನಿಮಯ ಸೌಲಭ್ಯವನ್ನು ಆ ದೇಶಕ್ಕೆ ಒದಗಿಸಿತು. ತೊಡ್ಡು ಎಂಬ ದ್ವೀಪದಲ್ಲಿ ಕಲ್ಲಂಗಡಿ ಮತ್ತು ಪಪ್ಪಾಯಿ ಚೆನ್ನಾಗಿ ಬೆಳೆಯುತ್ತಾರೆ. ಸ್ಥಳೀಯ ಹಣ್ಣು ಸಿಕ್ಕುವ ದಿನಗಳಲ್ಲಿ ಅದನ್ನೇ ಕೊಳ್ಳುವುದು ಲಾಭ ಎಂದು ಮಗನಿಗೆ ತಿಳಿಸಿ.

ಪ್ರಶ್ನೆ: ಬಳ್ಳಾರಿಯ ಅಂಜೂರದಿಂದ ಪಾನೀಯ ತಯಾರಿಸಿ ಬಾಟಲಿಯಲ್ಲಿ ಮಾರುವ ಯೋಚನೆಯಿದೆ. ಪ್ರವಾಸಿ ದ್ವೀಪಗಳಲ್ಲಿ ಪಾನೀಯಗಳಿಗೆ ಒಳ್ಳೆಯ ಬೇಡಿಕೆ ಇರಬೇಕಲ್ಲವೇ? – ಸಣ್ಣ ಉದ್ಯಮಿ, ಬಳ್ಳಾರಿ

ಉತ್ತರ: ಬೇಡಿಕೆ ಇದೆ, ಆದರೆ ಬಾಟಲಿಯಲ್ಲಿ ಕಳುಹಿಸಬೇಡಿ. ಸಿದ್ಧ ಪಾನೀಯವೆಂದರೆ ಬಹುಪಾಲು ನೀರು. ಬಳ್ಳಾರಿಯಿಂದ ಬಂದರಿಗೆ, ಅಲ್ಲಿಂದ ದ್ವೀಪಕ್ಕೆ ನೀರನ್ನು ಸಾಗಿಸುವ ಬಾಡಿಗೆಯಲ್ಲೇ ಲಾಭ ಕರಗಿಹೋಗುತ್ತದೆ. ಹಣ್ಣಿನ ತಿರುಳು ಅಥವಾ ಗಟ್ಟಿ ಸಾರವನ್ನು ಸೋಂಕುರಹಿತ ಚೀಲಗಳಲ್ಲಿ ತುಂಬಿ ಹೋಟೆಲುಗಳಿಗೆ ಕೊಡುವುದು ಜಾಣತನ. ಅವರು ತಮ್ಮ ನೀರಿನಲ್ಲಿ ಬೆರೆಸಿಕೊಳ್ಳುತ್ತಾರೆ. ಒಣಗಿಸಿದ ಅಂಜೂರಕ್ಕಂತೂ ಹೋಟೆಲಿನ ಬೆಳಗಿನ ಉಪಾಹಾರದಲ್ಲಿ ಸದಾ ಜಾಗವಿದೆ.

ದ್ವೀಪಗಳಲ್ಲಿ ಕುಡಿಯುವ ನೀರೇ ಒಂದು ದೊಡ್ಡ ಮಾರುಕಟ್ಟೆ. ಮಾಲೆ ನಗರ ಸಮುದ್ರದ ನೀರನ್ನು ಸಿಹಿಗೊಳಿಸಿ ಕುಡಿಯುತ್ತದೆ. 2014ರ ಡಿಸೆಂಬರ್ 4ರಂದು ಆ ಸ್ಥಾವರಕ್ಕೆ ಬೆಂಕಿ ಬಿದ್ದಾಗ ಇಡೀ ನಗರದ ನಲ್ಲಿಗಳು ಬತ್ತಿದವು, ಭಾರತದ ವಾಯುಪಡೆಯ ವಿಮಾನಗಳು ಮತ್ತು ನೌಕಾಪಡೆಯ ಹಡಗುಗಳು ನೀರು ಹೊತ್ತು ಹೋದವು. ಫಿಜಿಯಲ್ಲಿ ಇದಕ್ಕೆ ತಿರುವುಮುರುವಾದ ಚಿತ್ರವಿದೆ. ವಿಟಿ ಲೆವು ದ್ವೀಪದ ಅಂತರ್ಜಲ ಬಾಟಲಿಗಳಲ್ಲಿ ಅಮೆರಿಕದವರೆಗೆ ಹೋಗುತ್ತದೆ, ಆ ದೇಶದ ಪ್ರಮುಖ ರಫ್ತುಗಳಲ್ಲಿ ಅದೂ ಒಂದು.

ಸಕ್ಕರೆಯ ವಿಷಯದಲ್ಲಿ ಎಚ್ಚರವಿರಲಿ. ಬಾರ್ಬಡೋಸ್ 2015ರಲ್ಲಿ ಸಿಹಿ ಪಾನೀಯಗಳ ಮೇಲೆ ಶೇ 10ರ ತೆರಿಗೆ ಹಾಕಿತು, 2022ರಲ್ಲಿ ಅದನ್ನು ಶೇ 20ಕ್ಕೆ ಏರಿಸಿತು. ಮಾರಿಷಸ್‌ನಲ್ಲಿ ಸಕ್ಕರೆಯ ಪ್ರತಿ ಗ್ರಾಮಿನ ಲೆಕ್ಕದಲ್ಲಿ ಅಬಕಾರಿ ಸುಂಕವಿದೆ. ಬೇರೆ ದ್ವೀಪಗಳೂ ಇದೇ ದಾರಿಯಲ್ಲಿವೆ. ಜನರ ಆರೋಗ್ಯದ ದೃಷ್ಟಿಯಿಂದ ಇದು ನ್ಯಾಯವಾದ ಕ್ರಮ ಎಂದೇ ನಾನು ನಂಬುತ್ತೇನೆ, ಆದ್ದರಿಂದ ಸಕ್ಕರೆ ಸೇರಿಸದ ತಿರುಳನ್ನೇ ತಯಾರಿಸಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಕುಷ್ಟಗಿಯ ದಾಳಿಂಬೆಗೆ ದ್ವೀಪಗಳಲ್ಲಿ ಅವಕಾಶವಿದೆಯೇ? – ಬೆಳೆಗಾರರು, ಕುಷ್ಟಗಿ

ಉತ್ತರ: ಹೋಟೆಲುಗಳ ಮಟ್ಟಿಗೆ ಇದೆ. ಸಿಪ್ಪೆ ಗಟ್ಟಿಯಾದ್ದರಿಂದ ದಾಳಿಂಬೆ ಪ್ರಯಾಣ ತಾಳುವ ಹಣ್ಣು. ದುಂಡಾಣು ಅಂಗಮಾರಿ ರೋಗದ ಚುಕ್ಕೆಯಿಲ್ಲದ, ಒಂದೇ ಗಾತ್ರದ ಭಗವಾ ತಳಿಯ ಹಣ್ಣನ್ನು ಬೇರ್ಪಡಿಸಿ, ಬೆಂಗಳೂರಿನ ರಫ್ತುದಾರರ ಮೂಲಕ ವಿಮಾನದಲ್ಲಿ ಕಳುಹಿಸಬಹುದು. ಪ್ರಮಾಣ ಕಡಿಮೆ ಇರುವುದರಿಂದ ಇದನ್ನು ಮುಖ್ಯ ಮಾರುಕಟ್ಟೆ ಎಂದು ಎಣಿಸಬೇಡಿ.

ಪ್ರಶ್ನೆ: ಎಲ್ಲೋ ಇರುವ ಇಂಡೊನೇಷ್ಯಾದ ನಿರ್ಧಾರದಿಂದ ನಮ್ಮ ಮನೆಯ ಅಡುಗೆ ಎಣ್ಣೆಯ ದರ ಏಕೆ ಏರುತ್ತದೆ? – ಶಿಕ್ಷಕಿ, ಕೊಪ್ಪಳ

ಉತ್ತರ: ಇಂಡೊನೇಷ್ಯಾ ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ಉತ್ಪಾದಿಸುವ ದ್ವೀಪಸಮೂಹ, ಭಾರತ ಅದರ ದೊಡ್ಡ ಗಿರಾಕಿಗಳಲ್ಲೊಂದು. 2022ರ ಏಪ್ರಿಲ್ 28ರಂದು ಆ ದೇಶ ತನ್ನ ಜನರಿಗೆ ಎಣ್ಣೆ ಅಗ್ಗವಾಗಲೆಂದು ತಾಳೆ ಎಣ್ಣೆಯ ರಫ್ತನ್ನು ನಿಲ್ಲಿಸಿತು, ಮೇ 23ರಂದು ಮತ್ತೆ ಆರಂಭಿಸಿತು. ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯೂ ನಿಂತಿದ್ದ ಹೊತ್ತು ಅದು. ಅಕ್ಕಿಯ ವಿಷಯದಲ್ಲಿ ಮಾರಿಷಸ್, ಸೇಷೆಲ್ಸ್‌ಗಳಿಗೆ ನಮ್ಮಿಂದ ಆದದ್ದೇ ಎಣ್ಣೆಯ ವಿಷಯದಲ್ಲಿ ನಮಗೆ ಇಂಡೊನೇಷ್ಯಾದಿಂದ ಆಯಿತು. ಕೊಪ್ಪಳ, ಬಳ್ಳಾರಿಯ ಮಳೆಯಾಶ್ರಿತ ಹೊಲಗಳಲ್ಲಿ ಒಂದು ಕಾಲಕ್ಕೆ ಹರಡಿದ್ದ ಸೂರ್ಯಕಾಂತಿ ಹಿಂದೆ ಸರಿದಿರುವುದನ್ನು ನೋಡಿದರೆ ಈ ಅವಲಂಬನೆ ಬೇಗ ಕಡಿಮೆಯಾಗುವಂತೆ ಕಾಣುವುದಿಲ್ಲ.

ಪ್ರಶ್ನೆ: ರಫ್ತಿಗೆ ಏನೇನು ಪರವಾನಗಿ ಬೇಕು? ಮಾಲು ಹೋದ ಮೇಲೆ ಹಣ ಬರದಿದ್ದರೆ ಏನು ಗತಿ? – ಧಾನ್ಯ ವರ್ತಕರು, ರಾಯಚೂರು

ಉತ್ತರ: ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು–ರಫ್ತು ಸಂಕೇತ ಸಂಖ್ಯೆ, ಕೃಷಿ ಉತ್ಪನ್ನಗಳ ರಫ್ತನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಅಪೆಡಾದ ನೋಂದಣಿ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪರವಾನಗಿ ಮೊದಲು ಬೇಕು. ಸಂಕೇತ ಸಂಖ್ಯೆಗೆ ಶುಲ್ಕ 500 ರೂಪಾಯಿ, ಅರ್ಜಿ ಆನ್‌ಲೈನಿನಲ್ಲಿ. ಬಾಸ್ಮತಿಯೇತರ ಅಕ್ಕಿಯ ಒಪ್ಪಂದಗಳನ್ನು 2025ರ ಸೆಪ್ಟೆಂಬರಿನಿಂದ ಅಪೆಡಾದಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ. ಮೆಣಸಿನಕಾಯಿಯಾದರೆ ಸಾಂಬಾರ ಮಂಡಳಿಯ ನೋಂದಣಿ ಬೇಕು. ಮಾಲು ಹೊರಡುವ ಮುನ್ನ ಧೂಮೀಕರಣ ಮಾಡಿಸಿ ಸಸ್ಯ ಆರೋಗ್ಯ ಪ್ರಮಾಣಪತ್ರ ಪಡೆಯಬೇಕು. ದ್ವೀಪಗಳು ಹೊರಗಿನ ಕೀಟಗಳಿಗೆ ಬಹಳ ಹೆದರುತ್ತವೆ. ಗೋದಾಮಿನಲ್ಲಿ ಧಾನ್ಯ ತಿನ್ನುವ ಖಾಪ್ರಾ ಹುಳುವಿನ ಒಂದು ಪೊರೆ ಉಳಿದಿದ್ದರೂ ಫಿಜಿಯಂಥ ಕಡೆ ಕಂಟೇನರು ಒಳಗೆ ಹೋಗುವುದು ಕಷ್ಟ.

ಹಣದ ವಿಷಯದಲ್ಲಿ ಫೋನಿನ ಮಾತನ್ನಾಗಲಿ, ಪರಿಚಯದ ಭರವಸೆಯನ್ನಾಗಲಿ ಆಧಾರವಾಗಿ ಇಟ್ಟುಕೊಳ್ಳಬೇಡಿ. ಡಾಲರಿನ ಕೊರತೆಯಿರುವ ದೇಶದಲ್ಲಿ ಪ್ರಾಮಾಣಿಕ ಗಿರಾಕಿಯೂ ಕೆಲವೊಮ್ಮೆ ಹಣ ಕಳುಹಿಸಲಾರ, ಏಕೆಂದರೆ ಅವನ ಬ್ಯಾಂಕಿನಲ್ಲೇ ಡಾಲರು ಇರುವುದಿಲ್ಲ. ಒಳ್ಳೆಯ ಬ್ಯಾಂಕು ದೃಢೀಕರಿಸಿದ, ರದ್ದುಪಡಿಸಲಾಗದ ಸಾಖಪತ್ರವನ್ನು (ಲೆಟರ್ ಆಫ್ ಕ್ರೆಡಿಟ್, ಅಂದರೆ ಹಣ ಪಾವತಿಯ ಹೊಣೆಯನ್ನು ಬ್ಯಾಂಕೇ ಹೊರುವ ಪತ್ರ) ಕೇಳಿ, ಇಲ್ಲವೇ ಒಂದು ಭಾಗವನ್ನು ಮುಂಗಡವಾಗಿ ಪಡೆಯಿರಿ. ಭಾರತ ಸರ್ಕಾರದ ಇಸಿಜಿಸಿ ಸಂಸ್ಥೆ 1957ರಿಂದ ರಫ್ತು ಸಾಲಕ್ಕೆ ವಿಮೆ ನೀಡುತ್ತಿದೆ. ಗಿರಾಕಿಯ ಹೆಸರು ಕೊಟ್ಟರೆ ಅವರಿಗೆ ಎಷ್ಟರ ಮಟ್ಟಿಗೆ ಸಾಲ ಕೊಡಬಹುದೆಂಬ ಮಿತಿಯನ್ನೂ ಅದು ತಿಳಿಸುತ್ತದೆ. ವಿಮೆಯ ಕಂತು ಉಳಿಸಲು ಹೋಗಿ ಇಡೀ ಕಂಟೇನರನ್ನು ಕಳೆದುಕೊಳ್ಳಬೇಡಿ. ಆರಂಭದಲ್ಲಿ ನೇರ ರಫ್ತಿಗೆ ಕೈಹಾಕದೆ, ಚೆನ್ನೈ ಅಥವಾ ಮಂಗಳೂರಿನ ಅನುಭವಿ ರಫ್ತುದಾರರೊಬ್ಬರಿಗೆ ಮಾಲು ಕೊಟ್ಟು ದಾಖಲೆಗಳು ಹೇಗೆ ಸಾಗುತ್ತವೆ ಎಂಬುದನ್ನು ನೋಡಿ ತಿಳಿಯಿರಿ. ಆಮೇಲೆ ನೀವೇ ಕಳುಹಿಸುವಾಗ ಒಂದು ಕಂಟೇನರಿನಿಂದ ಶುರುಮಾಡಿ, ಅದರ ಹಣ ನಿಮ್ಮ ಖಾತೆಗೆ ಬಂದ ನಂತರವೇ ಎರಡನೆಯದಕ್ಕೆ ಬುಕಿಂಗ್ ಮಾಡಿ.